ರಾಮೆನ್ ಅಂಗಡಿಯಲ್ಲಿ ತಿನ್ನುವುದು ಹೇಗೆ: ಕ್ಯೂನಿಂದ ಕೊನೆಯ ಗುಟುಕಿನವರೆಗೆ

ಜಪಾನಿನ ಒಂದು ಸಣ್ಣ ರಾಮೆನ್ ಅಂಗಡಿ, ಅಂದರೆ ಬಿಸಿ ಸೂಪಿನಲ್ಲಿ ನೂಡಲ್ಸ್ ಹಾಕಿ ಕೊಡುವ ಜಾಗ. ಒಟ್ಟು ಒಂಬತ್ತು ಸೀಟು, ಎಲ್ಲವೂ ಕೌಂಟರ್ ಉದ್ದಕ್ಕೆ ಸಾಲಾಗಿ. ನನ್ನ ಪಕ್ಕದ ಸ್ಟೂಲಿಗೆ ಕೆಲಸದ ಬಟ್ಟೆಯಲ್ಲಿದ್ದ ಒಬ್ಬ ಹಿರಿಯರು ಬಂದು ಕೂತರು. ಬೋಗುಣಿ ಬಂತು. ಕೈ ಜೋಡಿಸಿ ಮೆಲ್ಲಗೆ ಏನೋ ಹೇಳಿದರು. ಹಬೆ ಹಿಡಿಯುತ್ತಿದ್ದ ಕನ್ನಡಕ ತೆಗೆದು ಪಕ್ಕಕ್ಕಿಟ್ಟು ತಲೆ ಬಗ್ಗಿಸಿದರು. ಮತ್ತೆ ತಲೆ ಎತ್ತಿದ್ದು ನೂಡಲ್ಸ್ ಮುಗಿದ ಮೇಲೇ. ಖಾಲಿ ಬೋಗುಣಿಯನ್ನು ಎದುರಿನ ಕಟ್ಟೆಯ ಮೇಲಿಟ್ಟು, ತಮ್ಮ ಜಾಗವನ್ನು ಬಟ್ಟೆಯಿಂದ ಒರೆಸಿ, ಅಡುಗೆಯವರಿಗೆ ಒಂದು ಮಾತು ಹೇಳಿ ಹೊರಟರು. ಇಷ್ಟಕ್ಕೂ ಹತ್ತು ನಿಮಿಷ ಹಿಡಿಯಲಿಲ್ಲ.

ಅವರು ಮಾಡಿದ್ದಷ್ಟನ್ನೂ ಕಲಿತರೆ ರಾಮೆನ್ ಅಂಗಡಿಯ ರೀತಿ ಮುಕ್ಕಾಲು ಪಾಲು ಬಂದಂತೆಯೇ. ಜಪಾನ್ ಅಂದರೆ ಸಾಕು, ಎಲ್ಲಿ ಏನು ತಪ್ಪು ಮಾಡುತ್ತೇವೋ ಅಂತ ನಮಗೆ ಅಳುಕು. ಆದರೆ ರಾಮೆನ್ ದುಡಿಯುವ ಜನರ ಊಟ. ಚೀನಾದಿಂದ ಬಂದ ಗೋಧಿ ನೂಡಲ್ಸ್ ಅದು. 1910ರಲ್ಲಿ ಟೋಕಿಯೋದ ಅಸಾಕುಸಾದಲ್ಲಿ ರಾಯ್‌ರಾಯ್‌ಕೆನ್ ಎಂಬ ಅಂಗಡಿ ಚೀನೀ ಅಡುಗೆಯವರನ್ನು ಇಟ್ಟುಕೊಂಡು ಶುರುವಾಯಿತು. ಅಗ್ಗದಲ್ಲಿ, ಬಿಸಿಬಿಸಿಯಾಗಿ, ಬೇಗ ಹೊಟ್ಟೆ ತುಂಬಿಸುವ ಊಟ ಅಂತಲೇ ಇದು ಜನಪ್ರಿಯವಾಯಿತು. ಇಲ್ಲಿನ ರೀತಿ ರಿವಾಜುಗಳೂ ಅದಕ್ಕೆ ತಕ್ಕ ಹಾಗೇ ಇವೆ.

ಎಲ್ಲದರ ಬೇರು ಒಂದೇ: ಹೊತ್ತು. ಬಿಸಿ ಸೂಪಿಗೆ ಬಿದ್ದ ಕ್ಷಣದಿಂದ ನೂಡಲ್ಸ್ ಅದನ್ನು ಹೀರುತ್ತಾ ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ. ಜಪಾನಿಯರು ಇದಕ್ಕೆ ‘ನೊಬಿರು’ ಅನ್ನುತ್ತಾರೆ. ಅಡುಗೆಯವರು ಸೆಕೆಂಡ್ ಲೆಕ್ಕ ಹಾಕಿ ಬೇಯಿಸಿದ್ದು ನಿಮ್ಮ ಕಣ್ಣೆದುರಿಗೇ ಹಾಳಾಗುತ್ತಿರುತ್ತದೆ. ಹೊರಗೆ ಇನ್ನೂ ಹತ್ತು ಜನ ನಿಂತಿರುತ್ತಾರೆ. ಈ ಎರಡು ವಿಷಯ ನೆನಪಿದ್ದರೆ ಮುಂದಿನದನ್ನು ಬಾಯಿಪಾಠ ಮಾಡಬೇಕಾಗಿಲ್ಲ.

1. ಏನು ತಿನ್ನುತ್ತೀರಿ ಅಂತ ಮನೆಯಲ್ಲೇ ತೀರ್ಮಾನಿಸಿ

ಕರ್ನಾಟಕದಿಂದ ಹೋಗುವವರಲ್ಲಿ ಸಸ್ಯಾಹಾರಿಗಳು ಬಹಳ. ಹಂದಿ ಮಾಂಸ ತಿನ್ನದವರೂ ಇದ್ದಾರೆ. ಹಾಗಾಗಿ ಈ ಹೆಜ್ಜೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ರಾಮೆನ್ ಬೋಗುಣಿ ಕಟ್ಟುವ ಕ್ರಮ ಹೀಗೆ. ತಳದಲ್ಲಿ ‘ತಾರೆ’ ಎಂಬ ಉಪ್ಪುಪ್ಪಾದ ಗಟ್ಟಿ ರಸ. ಅದರ ಮೇಲೆ ಗಂಟೆಗಟ್ಟಲೆ ಕುದಿಸಿದ ಸೂಪು. ಸ್ವಲ್ಪ ಘಮದ ಎಣ್ಣೆ. ಆಮೇಲೆ ನೂಡಲ್ಸ್. ಕೊನೆಗೆ ಮೇಲಿನ ಅಲಂಕಾರ: ಚಾಶು ಎಂಬ ಹಂದಿ ಮಾಂಸದ ಹೋಳು, ಮೆನ್ಮಾ ಎಂಬ ಹುದುಗಿಸಿದ ಕಳಲೆ, ನೊರಿ ಎಂಬ ಕಡಲ ಪಾಚಿಯ ಹಾಳೆ, ಈರುಳ್ಳಿ ಸೊಪ್ಪು, ಮೊಟ್ಟೆ. ಶೊಯು, ಶಿಯೊ, ಮಿಸೊ ಅಂತ ಮೆನುವಿನಲ್ಲಿ ಕಾಣುವುದು ಹೆಚ್ಚಾಗಿ ಆ ತಾರೆಯ ಹೆಸರು. ಸೋಯಾ ಸಾಸ್, ಉಪ್ಪು, ಹುದುಗಿಸಿದ ಸೋಯಾ ಪೇಸ್ಟ್, ಕ್ರಮವಾಗಿ. ಟೊಂಕೊತ್ಸು ಮಾತ್ರ ಸೂಪಿನ ಹೆಸರು, ಹಂದಿ ಮೂಳೆ ಕುದಿಸಿದ್ದು.

ನಮ್ಮವರು ಎಡವುವುದು ಇಲ್ಲೇ. ಮಿಸೊ ಅಂದರೆ ಸೋಯಾ ಅಲ್ವಾ, ಹಾಗಾದರೆ ಸಸ್ಯಾಹಾರವೇ ಅಂದುಕೊಳ್ಳುತ್ತಾರೆ. ತಾರೆ ಸೋಯಾದ್ದೇ ಇರಬಹುದು, ಆದರೆ ಸೂಪು ಕೋಳಿ, ಹಂದಿ ಇಲ್ಲವೇ ಒಣಮೀನಿನದು. ತರಕಾರಿ ರಾಮೆನ್ ಅಂತ ಬರೆದಿದ್ದರೂ ಮಾಂಸದ ಸೂಪಿನ ಮೇಲೆ ತರಕಾರಿ ಹಾಕಿದ್ದೇ ಇರುತ್ತದೆ. ‘ನಿಕು ನಾಶಿ’, ಅಂದರೆ ಮಾಂಸ ಬೇಡ ಅಂದರೆ ಮೇಲಿನ ಹೋಳು ತೆಗೆದು ಕೊಡುತ್ತಾರೆ, ಅಷ್ಟೇ. ಸೂಪು ಬೆಳಿಗ್ಗೆಯಿಂದ ಒಂದೇ ಹಂಡೆಯಲ್ಲಿ ಕುದಿಯುತ್ತಿರುವುದು. ನಿಮಗೊಬ್ಬರಿಗೆ ಬೇರೆ ಮಾಡಿಕೊಡಿ ಅಂತ ಕೇಳುವುದು ಸರಿಯಲ್ಲ, ಅವರಿಗೆ ಅದು ಸಾಧ್ಯವೂ ಇಲ್ಲ.

ಸಸ್ಯಾಹಾರಿಗಳು ಅದಕ್ಕೆಂದೇ ಇರುವ ಅಂಗಡಿ ಹುಡುಕಿಕೊಂಡು ಹೋಗಿ. ಟೋಕಿಯೋ ಸ್ಟೇಷನ್ ಒಳಗಿನ ಟೀಸ್ ತಾನ್‌ತಾನ್ ಇದಕ್ಕೆ ಹೆಸರುವಾಸಿ. ಅಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಬಳಸುವುದಿಲ್ಲ. ಎಳ್ಳಿನ ಗಟ್ಟಿ ಸೂಪು, ಮೇಲೆ ಖಾರ. ಎಳ್ಳು ತಿಂದು ಬೆಳೆದ ನಾಲಿಗೆಗೆ ಅದು ಅಪರಿಚಿತ ಅನಿಸುವುದೇ ಇಲ್ಲ.

ಇನ್ನೊಂದು ಮಾತು. ನೂಡಲ್ಸ್ ಹಳದಿ ಇದೆ, ಹಾಗಾದರೆ ಮೊಟ್ಟೆ ಹಾಕಿದ್ದಾರೆ ಅಂತ ಕೆಲವರು ಗಾಬರಿಯಾಗುತ್ತಾರೆ. ಕೆಲವು ಕಡೆ ಹಾಕುವುದೂ ಉಂಟು. ಆದರೆ ಹಳದಿ ಬಣ್ಣ ಮುಖ್ಯವಾಗಿ ಬರುವುದು ಹಿಟ್ಟಿಗೆ ಬೆರೆಸುವ ‘ಕಾನ್‌ಸುಯ್’ ಎಂಬ ಕ್ಷಾರದ ನೀರಿನಿಂದ. ನಮ್ಮಲ್ಲಿ ಹಪ್ಪಳದ ಹಿಟ್ಟಿಗೆ ಪಾಪಡ್ ಖಾರ ಎಂಬ ಕ್ಷಾರ ಹಾಕುತ್ತೇವಲ್ಲ, ಅದೇ ಜಾತಿಯದು. ಎಳೆಗೆ ಜಿಗುಟು, ಕಚ್ಚಿದರೆ ಪುಟಿಯುವ ಗುಣ ಬರುವುದೂ ಅದರಿಂದಲೇ.

2. ಕ್ಯೂ

ಅಂಗಡಿ ಮುಂದೆ ಸಾಲು ಇದ್ದರೆ ಸುಮ್ನೆ ಕೊನೆಯಲ್ಲಿ ಹೋಗಿ ನಿಲ್ಲಿ. ಒಬ್ಬರು ನಿಂತು ನಾಲ್ಕು ಜನಕ್ಕೆ ಜಾಗ ಹಿಡಿಯುವ ಪದ್ಧತಿ ಬೇಡ, ಎಲ್ಲರೂ ಬಂದ ಮೇಲೇ ನಿಲ್ಲಿ. ಕೆಲವು ಕಡೆ ಮೊದಲು ಒಳಗೆ ಹೋಗಿ ಯಂತ್ರದಿಂದ ಊಟದ ಟಿಕೆಟ್ ತಂದು ಆಮೇಲೆ ನಿಲ್ಲಬೇಕು, ಕೆಲವು ಕಡೆ ನಿಂತು ಆಮೇಲೆ ಟಿಕೆಟ್. ಮುಂದಿನವರ ಕೈಯಲ್ಲಿ ಟಿಕೆಟ್ ಇದೆಯಾ ಅಂತ ನೋಡಿದರೆ ಗೊತ್ತಾಗುತ್ತದೆ.

ಗುಂಪಾಗಿ ಹೋದರೆ ಬೇರೆ ಬೇರೆ ಕೂರಲು ಸಿದ್ಧರಾಗಿರಿ. ಎಂಟು ಹತ್ತು ಸೀಟಿನ ಜಾಗದಲ್ಲಿ ಐದು ಸೀಟು ಒಟ್ಟಿಗೆ ಸಿಗುವವರೆಗೆ ಕಾಯುತ್ತೇವೆ ಅಂದರೆ ಹಿಂದಿನವರಿಗೆಲ್ಲ ತೊಂದರೆ. ಅತ್ತರು, ಸೆಂಟು ಜೋರಾಗಿ ಹಾಕಿಕೊಂಡು ಹೋಗಬೇಡಿ. ಪಕ್ಕದವರು ಸೂಪಿನ ಘಮಕ್ಕೆಂದೇ ಬಂದಿರುತ್ತಾರೆ.

3. ಟಿಕೆಟ್ ಯಂತ್ರ

ಬಾಗಿಲಿಗೆ ಇಳಿಬಿಟ್ಟ ಬಟ್ಟೆಯ ಪರದೆ ‘ನೊರೆನ್’. ಅದನ್ನು ಕೈಯಲ್ಲಿ ಸರಿಸಿ ಒಳಗೆ ಬಂದರೆ ‘ಇರಾಶ್ಶಾಯಿಮಾಸೆ’ ಅಂತ ಜೋರಾಗಿ ಕೂಗುತ್ತಾರೆ. ಬನ್ನಿ ಬನ್ನಿ ಅಂತ ಅದರ ಅರ್ಥ. ಉತ್ತರ ಕೊಡಬೇಕಾಗಿಲ್ಲ. ತಲೆ ಸ್ವಲ್ಪ ಬಗ್ಗಿಸಿದರೆ ಸಾಕು.

ಪಕ್ಕದಲ್ಲೇ ಬಟನ್‌ಗಳು ತುಂಬಿದ ಯಂತ್ರ ಇರುತ್ತದೆ. ಬೆಂಗಳೂರಿನ ದರ್ಶಿನಿಯಲ್ಲಿ ತಿಂದವರಿಗೆ ಇದು ಹೊಸದೇನೂ ಅಲ್ಲ. ಮೊದಲು ದುಡ್ಡು, ಆಮೇಲೆ ಟೋಕನ್, ಆಮೇಲೆ ಕೌಂಟರ್. ಕ್ಯಾಶಿಯರ್ ಜಾಗದಲ್ಲಿ ಯಂತ್ರ ಇದೆ, ಅಷ್ಟೇ ವ್ಯತ್ಯಾಸ.

ಕ್ರಮ ತಪ್ಪಬಾರದು. ಮೊದಲು ನೋಟು ಹಾಕಿ. ಆಗ ಬಟನ್‌ಗಳು ಬೆಳಗುತ್ತವೆ. ಬೇಕಾದದ್ದನ್ನು ಒತ್ತಿದರೆ ಚೀಟಿ ಬೀಳುತ್ತದೆ. ಚಿಲ್ಲರೆಗೆ ಬೇರೆ ಬಟನ್ ಅಥವಾ ಹಿಡಿಕೆ ಇರಬಹುದು, ಮರೆತು ಬರಬೇಡಿ. ಓದಲು ಬಾರದಿದ್ದರೆ ಎಡಗಡೆ ಮೇಲಿನ ಮೂಲೆಯ ಬಟನ್ ನೋಡಿ. ಅಂಗಡಿಯವರು ತಮ್ಮ ಹೆಮ್ಮೆಯ ರಾಮೆನ್ ಅನ್ನು ಸಾಮಾನ್ಯವಾಗಿ ಅಲ್ಲೇ ಇಟ್ಟಿರುತ್ತಾರೆ. ಮೊದಲ ಸಲಕ್ಕೆ ಅದೇ ಸಾಕು.

1000 ಯೆನ್ ನೋಟುಗಳನ್ನು ಜೇಬಲ್ಲಿ ಇಟ್ಟುಕೊಂಡಿರಿ. ಹಳೆಯ ಯಂತ್ರಗಳು 10,000ದ ನೋಟು ತೆಗೆದುಕೊಳ್ಳುವುದಿಲ್ಲ. 2024ರ ಜುಲೈ 3ರಂದು ಜಪಾನ್ ಹೊಸ ನೋಟುಗಳನ್ನು ತಂದಾಗ ಎಷ್ಟೋ ಸಣ್ಣ ಅಂಗಡಿಗಳ ಯಂತ್ರ ಅವನ್ನು ಗುರುತಿಸಲಿಲ್ಲ. ಯಂತ್ರ ಬದಲಿಸುವ ಖರ್ಚು ಅವರಿಗೆ ದೊಡ್ಡ ಪೆಟ್ಟು. ಏಕೆಂದರೆ ರಾಮೆನ್ ವ್ಯಾಪಾರದಲ್ಲಿ ‘1000 ಯೆನ್ ಗೋಡೆ’ ಅನ್ನುವ ಮಾತಿದೆ. ಬೆಲೆ ಅದನ್ನು ದಾಟಿದರೆ ಗಿರಾಕಿ ಹಿಂದೆ ಸರಿಯುತ್ತಾನೆ ಎಂಬ ಭಯ. ಹಂದಿ ಮೂಳೆ, ಗೋಧಿ, ಗ್ಯಾಸ್ ಎಲ್ಲದರ ಬೆಲೆ ಏರಿದರೂ ಗೋಡೆ ದಾಟಲು ಹೆದರಿದವರು ಬಹಳ. ಒಂದು ಬೋಗುಣಿಯಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ಸೀಟು ಬೇಗ ಬೇಗ ಖಾಲಿಯಾದರೆ ಮಾತ್ರ ಅಂಗಡಿ ನಡೆಯುತ್ತದೆ. ತಿಂದಾದ ಮೇಲೂ ಹರಟುತ್ತಾ ಕೂತರೆ ಯಾರಿಗೆ ನಷ್ಟ ಅಂತ ಇದರಿಂದ ಗೊತ್ತಾಗುತ್ತದೆ.

ಯಂತ್ರದ ಮುಂದೆ ನಿಂತು ಚರ್ಚೆ ಮಾಡಬೇಡಿ. ಗೊಂದಲವಾದರೆ ಪಕ್ಕಕ್ಕೆ ಸರಿದು ಹಿಂದಿನವರಿಗೆ ಜಾಗ ಬಿಡಿ, ಅಥವಾ ‘ಸುಮಿಮಾಸೆನ್’, ಅಂದರೆ ಕ್ಷಮಿಸಿ, ಅಂತ ಕರೆಯಿರಿ. ಯಾರಾದರೂ ಬಂದು ತೋರಿಸಿಕೊಡುತ್ತಾರೆ.

ನಮ್ಮ ಬೈಟೂ ಇಲ್ಲಿ ನಡೆಯುವುದಿಲ್ಲ. ತಲೆಗೊಂದು ಬೋಗುಣಿ ಅನ್ನುವುದು ನಿಯಮ. ಇಬ್ಬರು ಎರಡು ಸೀಟು ಹಿಡಿದು ಒಂದು ಬೋಗುಣಿ ಹಂಚಿಕೊಳ್ಳುವುದನ್ನು ಅವರು ಒಪ್ಪುವುದಿಲ್ಲ. ಹಸಿವು ಕಮ್ಮಿ ಇದ್ದರೆ ಸಣ್ಣ ಬೋಗುಣಿ ಇದೆಯಾ ಅಂತ ಕೇಳಿ. ಚಿಕ್ಕ ಮಕ್ಕಳಿದ್ದರೆ ಟೇಬಲ್ ಇರುವ ದೊಡ್ಡ ಅಂಗಡಿಗೆ ಹೋಗಿ, ಅಲ್ಲಿ ಮಕ್ಕಳ ಬೋಗುಣಿಯೂ ಸಿಗುತ್ತದೆ.

4. ಕೂತ ಮೇಲೆ

ಚೀಟಿಯನ್ನು ಎದುರಿನ ಎತ್ತರದ ಕಟ್ಟೆಯ ಮೇಲಿಡಿ. ಬ್ಯಾಗಿಗೆ ಸೀಟಿನ ಕೆಳಗೆ ಬುಟ್ಟಿಯೋ ಕೊಕ್ಕೆಯೋ ಇರುತ್ತದೆ, ಪಕ್ಕದ ಸ್ಟೂಲ್ ಮೇಲೆ ಇಡಬೇಡಿ. ನೀರು ನಿಮ್ಮದೇ ಕೆಲಸ. ಜಗ್ಗು, ಲೋಟ ಕೈಗೆ ಸಿಗುವಷ್ಟರಲ್ಲೇ ಇರುತ್ತವೆ. ಒದ್ದೆ ಟವೆಲ್ ಕೊಟ್ಟರೆ ಅದು ಕೈಗೆ ಮಾತ್ರ, ಮುಖ ಕುತ್ತಿಗೆ ಒರೆಸಿಕೊಳ್ಳಲು ಅಲ್ಲ. ಉದ್ದ ಕೂದಲಿದ್ದರೆ ಕಟ್ಟಿಕೊಳ್ಳಿ. ಕೆಲವು ಕಡೆ ರಬ್ಬರ್ ಬ್ಯಾಂಡ್, ಪೇಪರ್ ಏಪ್ರನ್ ಇಟ್ಟಿರುತ್ತಾರೆ, ಸಂಕೋಚವಿಲ್ಲದೆ ಕೇಳಿ.

ಈ ಹೊತ್ತಿಗೆ ಅಡುಗೆಯವರು ಒಂದು ಪ್ರಶ್ನೆ ಕೇಳಬಹುದು. ಫುಕುವೋಕಾದ ಹಕಾತಾ ಶೈಲಿಯ ಅಂಗಡಿಯಾದರೆ ನೂಡಲ್ಸ್ ಎಷ್ಟು ಗಟ್ಟಿ ಬೇಕು ಅಂತ. ‘ಯಾವಾ’ ಮೆತ್ತಗೆ, ‘ಫುತ್ಸು’ ಸಾಧಾರಣ, ‘ಕಾತಾ’ ಗಟ್ಟಿ, ‘ಬಾರಿಕಾತಾ’ ಇನ್ನೂ ಗಟ್ಟಿ. ಯೊಕೊಹಾಮಾದಲ್ಲಿ 1974ರಲ್ಲಿ ಯೊಶಿಮುರಾಯಾ ಎಂಬ ಅಂಗಡಿಯಿಂದ ಶುರುವಾದ ಇಯೆಕೆಯ್ ಶೈಲಿಯಲ್ಲಿ ಮೂರು ಕೇಳುತ್ತಾರೆ: ಗಟ್ಟಿ, ರುಚಿಯ ತೀಕ್ಷ್ಣತೆ, ಎಣ್ಣೆ. ಮೊದಲ ಸಲ ‘ಫುತ್ಸು’ ಅಂದುಬಿಡಿ. ಅಂಗಡಿಯವರು ಸರಿ ಅಂತ ನಂಬಿರುವ ಹದ ಅದೇ. ಅದನ್ನು ತಿಂದ ಮೇಲೆ ನಿಮ್ಮ ಇಷ್ಟ ಹೇಳುವುದಕ್ಕೆ ಅರ್ಥ ಬರುತ್ತದೆ.

5. ಕಡ್ಡಿ ಹಿಡಿಯುವ ಮೊದಲು

ಚಾಪ್‌ಸ್ಟಿಕ್ ಮರದ್ದಾದರೆ ಎರಡೂ ಅಂಟಿಕೊಂಡಿರುತ್ತವೆ. ಅಡ್ಡವಾಗಿ ಹಿಡಿದು ಮೇಲಕ್ಕೂ ಕೆಳಕ್ಕೂ ಬಿಡಿಸಿ. ಸಿಬಿರು ಹೋಗಲಿ ಅಂತ ಒಂದಕ್ಕೊಂದು ಉಜ್ಜಬೇಡಿ. ನಿಮ್ಮ ಕಡ್ಡಿ ಕಳಪೆ ಅಂತ ಅಂಗಡಿಯವರ ಮುಖಕ್ಕೇ ಹೇಳಿದ ಹಾಗಾಗುತ್ತದೆ.

ಎರಡು ತಪ್ಪುಗಳನ್ನು ಮಾತ್ರ ಎಂದೂ ಮಾಡಬೇಡಿ. ಕಡ್ಡಿಗಳನ್ನು ಅನ್ನದಲ್ಲೋ ನೂಡಲ್ಸ್‌ನಲ್ಲೋ ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು. ಸತ್ತವರ ಮುಂದೆ ಇಡುವ ಅನ್ನಕ್ಕೆ ಹಾಗೆ ನೆಡುತ್ತಾರೆ. ಕಡ್ಡಿಯಿಂದ ಕಡ್ಡಿಗೆ ಆಹಾರ ದಾಟಿಸಬಾರದು. ದಹನದ ನಂತರ ಮನೆಯವರು ಮೂಳೆಗಳನ್ನು ಆ ರೀತಿ ಎತ್ತುತ್ತಾರೆ. ಊಟದ ಹೊತ್ತಿಗೆ ಸಾವಿನ ನೆನಪು ತರುವ ಕೆಲಸ ಯಾರಿಗೆ ಇಷ್ಟ? ನಮ್ಮ ಮನೆಗಳಲ್ಲೂ ಇಂಥ ನಂಬಿಕೆಗಳಿವೆ, ಹಾಗಾಗಿ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ.

ಕಡ್ಡಿ ಹಿಡಿಯಲು ಸರಿಯಾಗಿ ಬಾರದಿದ್ದರೆ ಫೋರ್ಕ್ ಕೇಳಿ. ಅದರಲ್ಲಿ ಅವಮಾನವೇನೂ ಇಲ್ಲ.

6. ಬೋಗುಣಿ ಬಂತು

ಅದನ್ನು ಎರಡೂ ಕೈಯಲ್ಲಿ ಹುಷಾರಾಗಿ ಕೆಳಗಿಳಿಸಿ. ಅಂಚು ಸುಡುತ್ತಿರುತ್ತದೆ. ಮೇಲೆ ಎಣ್ಣೆಯ ಸಣ್ಣ ಸಣ್ಣ ಚುಕ್ಕಿಗಳು ತೇಲುತ್ತಾ ಒಂದಕ್ಕೊಂದು ಕೂಡಿಕೊಳ್ಳುತ್ತಿರುತ್ತವೆ. ನೊರಿಯ ಹಾಳೆ ಅರ್ಧ ಮುಳುಗಿ, ಮುಳುಗಿದ ಅಂಚು ಆಗಲೇ ಮೆತ್ತಗಾಗುತ್ತಿರುತ್ತದೆ. ನೂಡಲ್ಸ್ ಅನ್ನು ಬಾಚಿದ ಕೂದಲಿನ ಹಾಗೆ ಒಂದೇ ದಿಕ್ಕಿಗೆ ಮಡಿಸಿಟ್ಟಿರುತ್ತಾರೆ. ನೋಡಲು ಬಹಳ ಚೆಂದ. ಒಂದು ಫೋಟೋ ತೆಗೆಯಿರಿ. ಒಂದೇ. ಪಕ್ಕದವರ ಮುಖ ಬೀಳಬಾರದು. ಅಡುಗೆಮನೆ, ಅಡುಗೆಯವರ ಫೋಟೋಗೆ ಕೇಳಿ ಒಪ್ಪಿಗೆ ಪಡೆಯಬೇಕು.

ನನ್ನ ಜೊತೆ ಬಂದಿದ್ದ ಗೆಳೆಯನೊಬ್ಬ ಐದು ನಿಮಿಷ ವಿಡಿಯೋ ಮಾಡಿದ. ತಿನ್ನಲು ಶುರು ಮಾಡಿದಾಗ ಎಳೆಗಳು ಊದಿ, ಕಡ್ಡಿಯಿಂದ ಎತ್ತಿದರೆ ತುಂಡಾಗುತ್ತಿದ್ದವು. ಅಡುಗೆಯವರು ಏನೂ ಹೇಳಲಿಲ್ಲ. ಆದರೆ ಅವರ ಕಣ್ಣು ಆ ಬೋಗುಣಿಯ ಮೇಲೇ ಇತ್ತು. ಅದನ್ನು ನೋಡಿ ನನಗೆ ನಿಜಕ್ಕೂ ಬೇಜಾರಾಯಿತು.

ಕೈ ಜೋಡಿಸಿ ‘ಇತಾದಕಿಮಸ್’ ಅನ್ನಿ. ಸ್ವೀಕರಿಸುತ್ತೇನೆ ಅಂತ ಅದರ ಅರ್ಥ. ಜೋರಾಗಿ ಹೇಳಬೇಕಾಗಿಲ್ಲ. ಮೊದಲು ‘ರೆಂಗೆ’ ಎಂಬ ಚಪ್ಪಟೆ ತಳದ ಚಮಚದಲ್ಲಿ ಒಂದು ಗುಟುಕು ಸೂಪು. ಉದುರಿದ ತಾವರೆಯ ಎಸಳಿನ ಆಕಾರ ಅಂತ ಅದಕ್ಕೆ ಆ ಹೆಸರು ಬಂದಿದೆ. ಮೆಣಸಿನ ಪುಡಿ, ಬೆಳ್ಳುಳ್ಳಿ, ವಿನೆಗರ್ ಕೌಂಟರ್ ಮೇಲೆ ಇರುತ್ತವೆ, ನಿಜ. ಆದರೆ ರುಚಿ ನೋಡುವ ಮೊದಲೇ ಸುರಿಯಬೇಡಿ. ಅರ್ಧ ತಿಂದ ಮೇಲೆ ಸ್ವಲ್ಪ ಸ್ವಲ್ಪವೇ ಹಾಕಿದರೆ ಒಂದೇ ಬೋಗುಣಿಯಲ್ಲಿ ಎರಡು ರುಚಿ ಸಿಗುತ್ತದೆ.

7. ಸೊರ್ ಎಂದು ಎಳೆಯುವುದು

ಬಾಳೆಲೆಯ ಮೇಲೆ ಬಡಿಸಿದ ಪಾಯಸವನ್ನು ಕೈಯಲ್ಲಿ ತೆಗೆದು ಸೊರ್ ಅಂತ ಎಳೆದವರು ನಾವು. ಈ ಸದ್ದು ನಮಗೆ ಹೊಸದಲ್ಲ. ಶಾಲೆ, ಆಫೀಸು ಅಂತ ಕಲಿತ ಮೇಲೆ ಅದನ್ನು ನಾಚಿಕೆ ಅಂದುಕೊಂಡೆವು, ಅಷ್ಟೇ. ರಾಮೆನ್ ಕೌಂಟರಿನಲ್ಲಿ ಆ ನಾಚಿಕೆ ಬಿಡಬಹುದು.

ಐದಾರು ಎಳೆ ಮಾತ್ರ ಹಿಡಿಯಿರಿ. ಸೂಪಿನಿಂದ ಮೇಲಕ್ಕೆ ಎತ್ತಿ ಒಂದು ಕ್ಷಣ ಬಿಡಿ. ಬೆನ್ನು ಬಗ್ಗಿಸಿ ಬಾಯನ್ನು ಬೋಗುಣಿಯ ಹತ್ತಿರ ತನ್ನಿ. ತುದಿಯನ್ನು ತುಟಿಗೆ ಸಿಕ್ಕಿಸಿ, ಉಸಿರಿನ ಜೊತೆ ಗಾಳಿಯನ್ನೂ ಎಳೆಯುತ್ತಾ ನೂಡಲ್ಸ್ ಒಳಗೆ ತೆಗೆದುಕೊಳ್ಳಿ. ಕಡ್ಡಿಯಿಂದ ಕೆಳಗಿನ ಎಳೆಗಳನ್ನು ಮೇಲಕ್ಕೆ ತಳ್ಳುತ್ತಾ ಇರಿ. ಗಾಳಿ ನುಗ್ಗುವುದರಿಂದ ಬಾಯಿ ಸುಡುವುದಿಲ್ಲ. ಅದೇ ಗಾಳಿ ಘಮವನ್ನು ಬಾಯಿಯ ಹಿಂದಿನಿಂದ ಮೂಗಿಗೆ ಒಯ್ಯುತ್ತದೆ. ಎಳೆಗೆ ಹತ್ತಿಕೊಂಡ ಸೂಪೂ ಜೊತೆಗೇ ಬರುತ್ತದೆ. ಒಂದೇ ಸಲ ದೊಡ್ಡ ಕಟ್ಟು ಹಿಡಿದರೆ ಅರ್ಧ ಕಚ್ಚಿ ಅರ್ಧ ಬೋಗುಣಿಗೆ ಬೀಳಿಸಬೇಕಾಗುತ್ತದೆ, ಅಂಗಿ ಮೇಲೂ ಸಿಡಿಯುತ್ತದೆ.

ಸದ್ದು ಮಾಡದಿದ್ದರೆ ಅಡುಗೆಯವರಿಗೆ ಅವಮಾನ ಅಂತ ಎಷ್ಟೋ ಪ್ರವಾಸಿ ಬರಹಗಳು ಹೇಳುತ್ತವೆ. ಅದನ್ನು ನಂಬಬೇಡಿ. ಸದ್ದಿಲ್ಲದೆ ತಿನ್ನುವ ಜಪಾನಿಯರೂ ಬೇಕಾದಷ್ಟಿದ್ದಾರೆ. 2016ರಲ್ಲಿ ‘ನೂಹಾರಾ’, ಅಂದರೆ ನೂಡಲ್ಸ್ ಕಿರುಕುಳ ಅನ್ನುವ ಪದ ಹುಟ್ಟಿ, ಈ ಸದ್ದು ಹೊರದೇಶದವರಿಗೆ ಹಿಂಸೆಯೇ ಅಂತ ಅಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಸದ್ದು ಮಾಡುವುದು ಬಿಡುವುದು ನಿಮ್ಮ ಇಷ್ಟ. ನನ್ನ ಪ್ರಕಾರ ಒಮ್ಮೆಯಾದರೂ ಎಳೆದು ನೋಡಿ, ರುಚಿಯೇ ಬೇರೆ.

ಈ ರಿಯಾಯಿತಿ ನೂಡಲ್ಸ್ ಎಳೆಯುವ ಸದ್ದಿಗೆ ಮಾತ್ರ. ಬಾಯಿ ಚಪ್ಪರಿಸುವುದು, ಜೋರಾಗಿ ಮೂಗು ಸೀನುವುದು, ತೇಗುವುದು ಯಾವುದೂ ಆಗದು. ನಮ್ಮಲ್ಲಿ ತೇಗು ಬಂದರೆ ಬಡಿಸಿದವರಿಗೆ ಖುಷಿ. ಅಲ್ಲಿ ಅದು ಅಸಹ್ಯ.

8. ಇನ್ನೂ ಹಸಿವಿದ್ದರೆ

ಫುಕುವೋಕಾದ ನಾಗಹಾಮಾ ಮೀನು ಮಾರುಕಟ್ಟೆಯವರಿಗೆ ಊಟಕ್ಕೆ ಪುರುಸೊತ್ತು ಇರಲಿಲ್ಲ. ಅವರಿಗಾಗಿ ಅಲ್ಲಿನ ಅಂಗಡಿಗಳು ಬೇಗ ಬೇಯುವ ಸಣ್ಣ ಎಳೆ ಬಳಸಿದವು. ಬೇಗ ಬೇಯುವುದು ಬೇಗ ಮೆತ್ತಗೂ ಆಗುತ್ತದೆ. ಹಾಗಾಗಿ ಮೊದಲು ಕಡಿಮೆ ಹಾಕಿ, ಬೇಕಾದರೆ ನೂಡಲ್ಸ್ ಮಾತ್ರ ಮತ್ತೆ ಕೊಡುವ ಪದ್ಧತಿ ಬಂತು. ಅದೇ ‘ಕಾಏದಮಾ’. ಬೋಗುಣಿಯಲ್ಲಿ ಒಂದೆರಡು ತುತ್ತು ಉಳಿದಿರುವಾಗಲೇ ‘ಕಾಏದಮಾ ಒನೆಗಾಯಿಶಿಮಾಸು’, ಅಂದರೆ ದಯವಿಟ್ಟು ಕಾಏದಮಾ ಕೊಡಿ, ಅನ್ನಿ. ಸೂಪು ಉಳಿಸಿಕೊಳ್ಳಿ, ಇಲ್ಲದಿದ್ದರೆ ಹೊಸ ನೂಡಲ್ಸ್ ಯಾವುದರಲ್ಲಿ ತಿನ್ನುತ್ತೀರಿ? ದಪ್ಪ ಎಳೆಯ ಅಂಗಡಿಗಳಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಮೊದಲೇ ‘ಓಮೊರಿ’, ದೊಡ್ಡ ಬೋಗುಣಿ ಹೇಳಬೇಕು. ಮುಗಿಸುವ ಧೈರ್ಯ ಇದ್ದರೆ ಮಾತ್ರ ಹೇಳಿ. ಪಾರ್ಸೆಲ್ ಕಟ್ಟಿಕೊಡುವುದಿಲ್ಲ.

ನೂಡಲ್ಸ್ ಬೇರೆ, ಗಟ್ಟಿ ಸೂಪು ಬೇರೆ ಬಂದರೆ ಅದು ‘ತ್ಸುಕೆಮೆನ್’. ಯಾಮಾಗಿಶಿ ಕಾಜುಒ ಎಂಬ ಅಡುಗೆಯವರು 1955ರಲ್ಲಿ ಟೋಕಿಯೋದ ತಾಯ್‌ಶೋಕೆನ್ ಅಂಗಡಿಯಲ್ಲಿ ಇದನ್ನು ಮೆನುವಿಗೆ ತಂದರು. ನೂಡಲ್ಸ್ ಅನ್ನು ಸೂಪಿಗೆ ಅದ್ದಿ ತಿನ್ನಬೇಕು, ಸೂಪನ್ನು ಅದರ ಮೇಲೆ ಸುರಿಯಬಾರದು. ಕೊನೆಗೆ ಉಳಿದ ಗಟ್ಟಿ ಸೂಪಿಗೆ ತೆಳು ಸೂಪು ಬೆರೆಸಿ ಕುಡಿಯಲು ‘ಸೂಪುವರಿ’ ಕೇಳಬಹುದು.

9. ಸೂಪು ಪೂರ್ತಿ ಕುಡಿಯಬೇಕಾ?

ಬೇಕಾಗಿಲ್ಲ. ಬೋಗುಣಿಯನ್ನು ಎರಡೂ ಕೈಯಲ್ಲಿ ಎತ್ತಿ ಕುಡಿಯುವುದು ತಪ್ಪಲ್ಲ. ತಳ ಕಾಣುವವರೆಗೆ ಕುಡಿದರೆ ಅಡುಗೆಯವರಿಗೆ ಸಂತೋಷವೇ. ಆದರೆ ಒಂದು ಬೋಗುಣಿಯಲ್ಲಿ 5 ಗ್ರಾಂಗೂ ಜಾಸ್ತಿ ಉಪ್ಪಿರುವುದು ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವುದೇ 5 ಗ್ರಾಂಗಿಂತ ಕಡಿಮೆ. ಬಿಪಿ ಇರುವವರು ಸೂಪು ಬಿಡಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ನೂಡಲ್ಸ್ ಬಿಟ್ಟರೆ ಮಾತ್ರ ಬೇಸರವಾಗುತ್ತದೆ.

10. ಏಳುವುದು

ಮೂಗು ಒರೆಸಿದ ಟಿಶ್ಯೂ ಬೋಗುಣಿಗೆ ಹಾಕಬೇಡಿ. ಕಸದ ಡಬ್ಬಿ ಇರುತ್ತದೆ, ಇಲ್ಲದಿದ್ದರೆ ಜೇಬಿಗೆ. ಎದುರಿಗೆ ಎತ್ತರದ ಕಟ್ಟೆ ಇದ್ದು, ಬೇರೆಯವರು ಬೋಗುಣಿ, ಲೋಟ ಅಲ್ಲಿಡುತ್ತಿದ್ದರೆ ನೀವೂ ಹಾಗೇ ಮಾಡಿ. ಒರೆಸುವ ಬಟ್ಟೆ ಇದ್ದರೆ ನಿಮ್ಮ ಮುಂದಿನ ಜಾಗ ಒಂದು ಸಲ ಒರೆಸಿ. ಇದು ಕಡ್ಡಾಯ ಅಲ್ಲ, ಆದರೆ ಎರಡು ಮೂರು ಜನ ಇಡೀ ಅಂಗಡಿ ನಡೆಸುತ್ತಿರುವಾಗ ಅದು ದೊಡ್ಡ ಸಹಾಯ. ಟಿಪ್ಸ್ ಇಡಬೇಡಿ. ದುಡ್ಡು ಮರೆತು ಹೋದಿರಿ ಅಂತ ಹಿಂದೆ ಓಡಿಬಂದು ಕೊಡುತ್ತಾರೆ.

ಹೊರಡುವ ಮೊದಲು ಅಡುಗೆಯವರ ಕಡೆ ತಿರುಗಿ ‘ಗೊಚಿಸೊಸಾಮಾ ದೆಶಿತಾ’ ಅನ್ನಿ. ಊಟ ಮುಗಿಸಿ ನಮ್ಮ ಹಿರಿಯರು ‘ಅನ್ನದಾತ ಸುಖೀಭವ’ ಅನ್ನುತ್ತಾರಲ್ಲ, ಹೆಚ್ಚು ಕಡಿಮೆ ಅದೇ ಭಾವ. ಉಚ್ಚಾರ ಸ್ವಲ್ಪ ಆಚೀಚೆ ಆದರೂ ಪರವಾಗಿಲ್ಲ. ಹಂಡೆಯ ಹಬೆಯ ಹಿಂದಿನಿಂದ ‘ಅರಿಗಾತೊ ಗೊಜಾಯಿಮಾಶಿತಾ’, ಅಂದರೆ ಧನ್ಯವಾದ, ಅಂತ ದನಿ ಬರುತ್ತದೆ. ನೊರೆನ್ ಸರಿಸಿ ಹೊರಗೆ ಬನ್ನಿ, ಬಾಗಿಲಿಂದ ನಾಲ್ಕು ಹೆಜ್ಜೆ ಆಚೆ ನಿಲ್ಲಿ. ಸಾಲಿನ ಮೊದಲಿದ್ದವರು ಆಗಲೇ ಒಳಗೆ ಹೋಗುತ್ತಿರುತ್ತಾರೆ.